ಮುಖ ನೋಡುತ್ತ ನಡೆಯುವ ದುಗ್ಗಮ್ಮ

ಬೆಳಗಿನ ಆರೂಕಾಲು ಗಂಟೆ. ಕುಕ್ಕುಮಜಲಿನ ತೋಡಿಗೆ ಅಡ್ಡವಾಗಿ ಮೂರು ಅಡಿಕೆ ಮರಗಳನ್ನು ಹಾಸಿ ಕಟ್ಟಿದ ಸಂಕ. ಅದರ ಮೇಲೆ ಇಬ್ಬರು ಗಂಡಸರು, ಒಬ್ಬರು ಮುಂದೆ, ಒಬ್ಬರು ಹಿಂದೆ, ಬಿದಿರಿಗೆ ಗೋಣಿ ಹೊಲಿದು ಮಾಡಿದ ಮಂಚವೊಂದನ್ನು ಹಿಡಿದು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿದ್ದಾರೆ. ಮಂಚದಲ್ಲಿರುವವಳು ಪ್ರೇಮಾವತಿ, ಇಪ್ಪತ್ತೆರಡು ವರ್ಷದ ಹೆಂಗಸು. ಸೌದೆ ರಾಶಿಗೆ ಕೈ ಹಾಕಿದಾಗ ನಾಗರಹಾವು ಕಚ್ಚಿ ಒಂದು ಗಂಟೆಯಾಗಿದೆ. ಸಂಕದ ಕೆಳಗೆ, ಸೊಂಟಮಟ್ಟದ ನೀರಿನಲ್ಲಿ, ಸೀರೆಯನ್ನು ಕಚ್ಚೆ ಬಿಗಿದ ಇನ್ನೊಬ್ಬ ಹೆಂಗಸು ಮಂಚದ ಜತೆಗೇ ನಡೆಯುತ್ತಿದ್ದಾರೆ. ಅವರ ಬಲಗೈ ಮೇಲಕ್ಕೆ ಚಾಚಿದೆ. ಮಂಚದ ಅಂಚಿನಿಂದ ಇಳಿಬಿಟ್ಟ ಪ್ರೇಮಾವತಿಯ ಮಣಿಕಟ್ಟನ್ನು ಆ ಕೈ ಹಿಡಿದುಕೊಂಡಿದೆ.

"ನಾಡಿ ಉಟ್ಟು" ಎಂದು ಆ ಹೆಂಗಸು ಕೆಳಗಿನಿಂದ ಹೇಳುತ್ತಾರೆ. ಅರೆಭಾಷೆಯವರ 'ಉಟ್ಟು' ನಮ್ಮ 'ಉಂಟು'. ನಾಲ್ಕು ಹೆಜ್ಜೆಯಾದ ಮೇಲೆ ಮತ್ತೆ, "ನಾಡಿ ಉಟ್ಟು." ಹೀಗೆ ಸಂಕ ಮುಗಿಯುವವರೆಗೂ.

ದಡದಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತ ನನಗೆ ಇದೇನು ನಡೆಯುತ್ತಿದೆ ಎಂದೇ ಹೊಳೆಯುವುದಿಲ್ಲ. ನಾನು ಪುತ್ತೂರಿನಿಂದ ಹಿಂದಿನ ಸಂಜೆ ಇಲ್ಲಿಗೆ ಬಂದದ್ದು ದೇರಣ್ಣ ಗೌಡರ ಬಗ್ಗೆ ಬರೆಯಲು. ಕಾಣಿಯೂರಿನ ಮೋಟಾರು ರಸ್ತೆಯಿಂದ ಐದು ಮೈಲಿ ಒಳಗಿರುವ ಈ ಊರಿನಿಂದ ಹನ್ನೆರಡು ವರ್ಷಗಳಿಂದ ರೋಗಿಗಳನ್ನು ಹೊತ್ತು ರಸ್ತೆ ಮುಟ್ಟಿಸುತ್ತಿರುವ ತಂಡದ ಯಜಮಾನರು ಅವರು. ದುಡ್ಡಿಗಲ್ಲ, ಯಾರೋ ಹೇಳಿದ್ದಕ್ಕೂ ಅಲ್ಲ. ಒಳ್ಳೆಯ ವಿಷಯ, ಎರಡು ಗಂಟೆ ಮಾತಾಡಿ ಮಧ್ಯಾಹ್ನದ ಬಸ್ಸು ಹಿಡಿದರೆ ಆಯಿತು ಎಂದು ಲೆಕ್ಕ ಹಾಕಿದ್ದೆ. ನೀರಿನಲ್ಲಿ ನಡೆಯುವ ಹೆಂಗಸೊಬ್ಬರು ಆ ಲೆಕ್ಕದಲ್ಲಿ ಇರಲೇ ಇಲ್ಲ.

"ಅವರು ಯಾರು?" ಎಂದು ಪಕ್ಕದಲ್ಲಿ ಸರದಿಗಾಗಿ ಕಾಯುತ್ತಿದ್ದ ಹೊರುವವರೊಬ್ಬರನ್ನು ಕೇಳುತ್ತೇನೆ.

"ದುಗ್ಗಮ್ಮಕ್ಕ. ದೇರಣ್ಣನ ತಮ್ಮನ ಹೆಂಡ್ತಿ."

"ಅವರು ಎಂತ ಮಾಡುದು?"

ಆತ ನನ್ನನ್ನು ಮೇಲಿನಿಂದ ಕೆಳಗೆ ನೋಡುತ್ತಾನೆ. "ಮುಖ ನೋಡುದು" ಎಂದು ಹೇಳಿ ಮಂಚಕ್ಕೆ ಹೆಗಲು ಕೊಡಲು ಓಡುತ್ತಾನೆ.

ಇದರ ಅರ್ಥ ತಿಳಿಯಬೇಕಾದರೆ ಮಂಚದ ಕತೆ ತಿಳಿಯಬೇಕು. ದೇರಣ್ಣನವರು ಯುದ್ಧದ ಕಾಲದಲ್ಲಿ ಬರ್ಮಾ ಕಡೆ ಗಾಯಾಳುಗಳನ್ನು ಹೊರುವ ದಳದಲ್ಲಿದ್ದವರು. ಊರಿಗೆ ಮರಳಿ ಕೆಲವು ವರ್ಷದ ಮೇಲೆ, ಬಾಳಂತಿಯೊಬ್ಬಳು ರಸ್ತೆ ಮುಟ್ಟದೆ ತೀರಿಕೊಂಡಾಗ, ಬಿದಿರು ಕಡಿದು ಈ ಮಂಚ ಮಾಡಿದರು. ಆದರೆ ಅವರು ಅದನ್ನು ಹೊರಿಸಿದ ರೀತಿ ಊರಿಗೆ ಹಿಡಿಸಲಿಲ್ಲ. ಪಟಾಳದಲ್ಲಿ ಗಾಯಾಳುವಿನ ಕಾಲು ಮುಂದೆ, ತಲೆ ಹಿಂದೆ. ಹಾಗಿದ್ದರೆ ಹಿಂದಿನ ಹೊರುವವನಿಗೆ ಮುಖ ಕಾಣುತ್ತದೆ. ವಾಂತಿ ಬಂದರೆ, ಉಸಿರು ಕಟ್ಟಿದರೆ ಗೊತ್ತಾಗುತ್ತದೆ. ನಮ್ಮ ಕಡೆ ಕಾಲು ಮುಂದಾಗಿ ಮನೆಯಿಂದ ಹೊರಡುವುದು ಹೆಣ ಮಾತ್ರ.

"ಬಿದಿರಿನ ಮಂಚ ನೋಡಿಯೇ ಚಟ್ಟ ಅಂದ್ರು. ಮತ್ತೆ ಕಾಲು ಮುಂದೆ ಮಾಡಿದ್ರೆ ಯಾರು ಬಿಡ್ತಾರೆ ಮಾರಾಯ್ರೆ?" ಎನ್ನುತ್ತಾರೆ ದೇರಣ್ಣ. "ಬಾಂಬು ಬೀಳುವಲ್ಲಿ ಹೊತ್ತವ ನಾನು. ಇಲ್ಲಿ ಒಂದು ಅಜ್ಜಿಯ ಎದುರು ಸೋತೆ."

ಹಾಗಾಗಿ ಕುಕ್ಕುಮಜಲಿನ ಮಂಚ ತಲೆ ಮುಂದಾಗಿಯೇ ಹೋಗುತ್ತದೆ. ಮುಂದಿನವರಿಗೆ ರೋಗಿ ಬೆನ್ನ ಹಿಂದೆ. ಹಿಂದಿನವರಿಗೆ ಕಾಣುವುದು ಪಾದ. ಮುಖ ಯಾರಿಗೂ ಇಲ್ಲ. ಒಂಬತ್ತು ವರ್ಷದ ಹಿಂದೆ ಬಸುರಿಯೊಬ್ಬಳನ್ನು ಹೊತ್ತಾಗ ಹೆಂಗಸೊಬ್ಬಳು ಜತೆಗಿರಲಿ ಎಂದು ದುಗ್ಗಮ್ಮನನ್ನು ಕರೆದುಕೊಂಡು ಹೋದರು. ಅರ್ಧ ದಾರಿಯಲ್ಲಿ ಅವರು "ನಿಲ್ಲಿ, ಇಳಿಸಿ, ಮಗ್ಗುಲಿಗೆ ತಿರುಗಿಸಿ" ಎಂದು ಕೂಗಿದರು. ಬಸುರಿಯ ಬಾಯಿ ತುಂಬ ವಾಂತಿ, ಉಸಿರು ಸಿಕ್ಕಿಹಾಕಿಕೊಂಡಿತ್ತು. ಆ ತಾಯಿ, ಆ ಮಗು ಇಬ್ಬರೂ ಈಗ ನರಿಮೊಗರಿನಲ್ಲಿದ್ದಾರೆ, ಮಗು ಶಾಲೆಗೆ ಹೋಗುತ್ತದೆ. ಅಂದಿನಿಂದ ದುಗ್ಗಮ್ಮ ಬಾರದೆ ಮಂಚ ಅಂಗಳ ಬಿಡುವುದಿಲ್ಲ.

ಅಗಲ ದಾರಿಯಲ್ಲಿ ಅವರು ಮಂಚದ ಪಕ್ಕ ನಡೆಯುತ್ತಾರೆ. ಗದ್ದೆಯ ಬದುವಾದ ಕಟ್ಟಪುಣಿಯಲ್ಲಿ ಗಂಡಸರು ಪುಣಿಯ ಮೇಲೆ, ಇವರು ಕೆಳಗೆ ಕೆಸರಿನಲ್ಲಿ. ಸಂಕ ಬಂದರೆ ನೀರಿಗೆ. ಅಲ್ಲಿ ಮುಖ ಕಾಣುವುದಿಲ್ಲ, ಅದಕ್ಕೆ ಕೈ ಹಿಡಿಯುವುದು. ಕಂಡದ್ದನ್ನು ಕಂಡ ಹಾಗೆ ಗಟ್ಟಿಯಾಗಿ ಹೇಳುತ್ತ ಹೋಗುತ್ತಾರೆ: ಕಣ್ಣು ಬಿಟ್ಟಿದೆ, ತುಟಿ ಒಣಗಿದೆ, ನೀರು ಕೇಳಿದಳು. ಐದು ಮೈಲಿ, ಎರಡು ಗಂಟೆ, ಎಂಟು ಜನ ಹೊರುವವರು ಸರದಿ ಬದಲಿಸುತ್ತಾರೆ. ಮುಖ ನೋಡುವವರಿಗೆ ಮಾತ್ರ ಸರದಿಯಿಲ್ಲ. ಈ ಒಂಬತ್ತು ವರ್ಷದಲ್ಲಿ ಎಷ್ಟು ಜನರನ್ನು ಹೀಗೆ ಹೊತ್ತಿದ್ದೀರಿ ಎಂದರೆ ದೇರಣ್ಣನವರು ಅರುವತ್ತಮೂರು ಎನ್ನುತ್ತಾರೆ, ದುಗ್ಗಮ್ಮ ಅರುವತ್ತೆರಡು ಎನ್ನುತ್ತಾರೆ. ಆ ಒಂದು ವ್ಯತ್ಯಾಸ ಏನೆಂದು ನಾನು ಆಗ ಕೇಳಲಿಲ್ಲ, ಮುದುಕರ ಮರೆವು ಎಂದುಕೊಂಡೆ. ದುಗ್ಗಮ್ಮನಿಗೆ ನಲವತ್ತೇಳೇ ವರ್ಷ, ಮರೆಯುವ ಪ್ರಾಯವಲ್ಲ.

ಸಂಕ ದಾಟಿದ ಮೇಲೆ ಗುಡ್ಡ ಏರುತ್ತದೆ. ಒದ್ದೆ ಸೀರೆಯಲ್ಲೇ ದುಗ್ಗಮ್ಮ ನಡೆಯುತ್ತಿದ್ದಾರೆ. ಪ್ರೇಮಾವತಿಯ ಗಂಡ ಅಚ್ಚುತ ಇನ್ನೊಂದು ಮಗ್ಗುಲಿನಲ್ಲಿದ್ದಾನೆ. ಸ್ವಲ್ಪ ಹೊತ್ತಿನವರೆಗೆ ಪ್ರೇಮಾವತಿ ಮಾತಾಡುತ್ತಿದ್ದಳು, ಎರಡೆರಡು ಕಾಣುತ್ತದೆ ಎಂದಳು. ಮತ್ತೆ ಮಾತು ತೊದಲಿತು. ಆಮೇಲೆ ಬರೀ ಜೊಲ್ಲು. ದುಗ್ಗಮ್ಮ ಮಂಚ ಇಳಿಸಲು ಹೇಳಿ, ಅವಳನ್ನು ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ಹೊರುವವರೊಬ್ಬರ ಹೆಗಲ ಬೈರಾಸು ಸುತ್ತಿಟ್ಟು, ಸೆರಗಿನಿಂದ ಬಾಯಿ ಒರೆಸುತ್ತಾರೆ. ಮಂಚ ಏಳುತ್ತದೆ. ನೂರು ಮಾರು ಹೋಗುವಷ್ಟರಲ್ಲಿ ಅವರ ದನಿ ನಿಂತಿರುವುದು ನನ್ನ ಗಮನಕ್ಕೆ ಬರುತ್ತದೆ. ಎಲ್ಲರ ಗಮನಕ್ಕೂ ಬಂದಿರಬೇಕು, ಯಾಕೆಂದರೆ ಹೆಜ್ಜೆಗಳು ನಿಧಾನವಾಗುತ್ತವೆ.

ಸರದಿ ಬದಲಿಸಲು ಮಂಚ ಇಳಿಸಿದಾಗ ನಾನೂ ಬಗ್ಗಿ ನೋಡುತ್ತೇನೆ. ರೆಪ್ಪೆ ಬಿದ್ದಿದೆ. ಗಲ್ಲ ಸಡಿಲಾಗಿ ಬಾಯಿ ತೆರೆದುಕೊಂಡಿದೆ. ಮುಖದಲ್ಲಿ ಯಾರೂ ಇಲ್ಲ. ಅಚ್ಚುತ ಹೆಸರು ಹಿಡಿದು ಕರೆಯುತ್ತಾನೆ, ಅಲುಗಿಸುತ್ತಾನೆ, ಏನೂ ಇಲ್ಲ. ನನ್ನನ್ನು ಕೇಳಿದ್ದರೆ ಕತೆ ಮುಗಿಯಿತು ಎನ್ನುತ್ತಿದ್ದೆ. ಪುಣ್ಯಕ್ಕೆ ಯಾರೂ ಕೇಳುವುದಿಲ್ಲ.

"ದುಗ್ಗಕ್ಕಾ, ಹೇಳಿ" ಎನ್ನುತ್ತಾನೆ ಅಚ್ಚುತ.

ದುಗ್ಗಮ್ಮ ಕೈಯ ಹಿಂಭಾಗವನ್ನು ಮೂಗಿನ ಬಳಿ ಹಿಡಿಯುತ್ತಾರೆ. ತುಂಬ ಹೊತ್ತು ಹಿಡಿಯುತ್ತಾರೆ. "ಕಣ್ಣು ಮುಚ್ಚಿದೆ. ಗಲ್ಲ ಸಡ್ಲ ಆಗಿದೆ. ಗಾಳಿ ಬರುದು ನನ್ನ ಕೈಗೆ ಗೊತ್ತಾಗುದಿಲ್ಲ."

"ಅಂದ್ರೆ ಹೋದಳಾ?"

"ಅದು ನಾನು ಹೇಳುದಿಲ್ಲ."

"ಜೀವ ಉಂಟು ಅಂತಾದ್ರೂ ಹೇಳಿ!"

"ಅದೂ ಹೇಳುದಿಲ್ಲ ಅಚ್ಚುತ. ನಡೆಯುವ."

ಅಚ್ಚುತ ಮಂಚದ ಬಿದಿರನ್ನು ಹಿಡಿದುಕೊಂಡು ಕೂತುಬಿಡುತ್ತಾನೆ. ಇಲ್ಲಿಂದ ಮುಂದೆ ಹೋದರೆ ಊರಿನ ಗಡಿ ದಾಟುತ್ತದೆ. ಪೇಟೆಗೆ ಹೋದ ಹೆಣ ಕೊಯ್ಯದೆ ಸಿಗುವುದಿಲ್ಲ ಎಂಬುದು ಇಲ್ಲಿನವರ ಭಯ. ಅದಕ್ಕೇ ದಾರಿಯಲ್ಲಿ ಜೀವ ಹೋಯಿತೆಂದರೆ ಅಲ್ಲೇ ಮಂಚ ತಿರುಗಿಸಿ, ಕಾಲು ಮುಂದಾಗಿ ಮಾಡಿ ಮನೆಗೆ ತರುವುದು ಕ್ರಮ. "ಕೊಯ್ದು ಹೊಲಿದು ಕೊಡುದು ಬೇಡ. ಅವಳನ್ನು ಇಡಿಯಾಗಿ ಮನೆಗೆ ಕೊಂಡುಹೋಗ್ತೇನೆ. ತಿರುಗಿಸಿ" ಎಂದು ಅವನು ಅಳುತ್ತಾನೆ. ಅವನು ಹೇಳುವುದು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಹೊರುವವರು ದೇರಣ್ಣನ ಮುಖ ನೋಡುತ್ತಾರೆ, ದೇರಣ್ಣ ದುಗ್ಗಮ್ಮನ ಮುಖ ನೋಡುತ್ತಾರೆ. ದುಗ್ಗಮ್ಮ ಮಾತ್ರ ಪ್ರೇಮಾವತಿಯ ಮುಖ ಬಿಟ್ಟು ಬೇರೆ ಕಡೆ ನೋಡುವುದಿಲ್ಲ.

"ಭಾವ, ಎತ್ತಿ" ಎನ್ನುತ್ತಾರೆ. ದೇರಣ್ಣ ಎತ್ತುತ್ತಾರೆ. ತಲೆ ಮುಂದಾಗಿಯೇ.

ಉಳಿದ ಮೂರು ಮೈಲಿ ಅರ್ಧ ಓಟ, ಅರ್ಧ ನಡಿಗೆ. ಕಾಣಿಯೂರಿನಲ್ಲಿ ಆದಂ ಕುಂಞಿಯವರ ಜೀಪು ಕಾದಿದೆ. ಮೊದಲೇ ಓಡಿ ಬಂದವನೊಬ್ಬ ಸುದ್ದಿ ಮುಟ್ಟಿಸಿದ್ದಾನೆ. ಆದಂ ಕುಂಞಿ ಮಂಚದೊಳಗೆ ಇಣುಕಿ "ಯಾ ಅಲ್ಲಾ" ಎಂದವರು ಮತ್ತೇನೂ ಕೇಳದೆ ಗಾಡಿ ತಿರುಗಿಸುತ್ತಾರೆ. ಪುತ್ತೂರಿಗೆ ಹದಿನೈದು ಮೈಲಿ. ಜೀಪಿನ ಹಿಂದೆ ನೆಲದಲ್ಲಿ ಕೂತ ದುಗ್ಗಮ್ಮ ಪ್ರೇಮಾವತಿಯ ತಲೆಯನ್ನು ತೊಡೆಯ ಮೇಲೆ ಓರೆಯಾಗಿ ಹಿಡಿದು, ಜೊಲ್ಲು ಒರೆಸುತ್ತಲೇ ಇರುತ್ತಾರೆ. ಸತ್ತವಳ ಬಾಯನ್ನು ಯಾಕೆ ಒರೆಸುತ್ತಾರೆ, ಬದುಕಿದ್ದಾಳೆಂದು ನಂಬಿದ್ದರೆ ಯಾಕೆ ಹೇಳುವುದಿಲ್ಲ? ನನ್ನ ತಲೆ ಗೊಂದಲದ ಗೂಡಾಗಿದೆ.

ಆಸ್ಪತ್ರೆಯ ಜಗಲಿಯಲ್ಲಿ ಕೂತಾಗ ಅವರು ತಾವಾಗಿಯೇ ಹೇಳುತ್ತಾರೆ.

ಐದು ವರ್ಷದ ಹಿಂದಿನ ಆಟಿ ತಿಂಗಳು, ಜಡಿಮಳೆಯ ಕಾಲ. ಮೇದಪ್ಪ ಎಂಬ ನೆರೆಮನೆಯವರಿಗೂ ಹೀಗೇ ನಾಗರಹಾವು ಕಚ್ಚಿತು. ತೋಡು ತುಂಬಿ ಹರಿಯುತ್ತಿತ್ತು. ದುಗ್ಗಮ್ಮ ನೀರಿಗಿಳಿಯುವ ಹಾಗಿರಲಿಲ್ಲ, ಸಂಕದ ಮೇಲೆ ಎಲ್ಲರಿಗಿಂತ ಹಿಂದೆ ಬಂದರು. "ಮೂವತ್ತೊಂದು ಹೆಜ್ಜೆ. ಆಚೆ ದಡದಲ್ಲಿ ಮುಖ ನೋಡಿದ್ರೆ, ಇವತ್ತು ನೀವು ನೋಡಿದ್ರಲ್ಲಾ, ಅದೇ ಮುಖ. ಮೂಗಿಗೆ ಕೈ ಹಿಡಿದೆ, ಗೊತ್ತಾಗ್ಲಿಲ್ಲ. 'ಮುಗೀತು' ಅಂತ ಹೇಳಿಬಿಟ್ಟೆ. ಹೇಳಿದ್ದು ನಾನೇ. ನನ್ನ ಬಾಯಿಂದಲೇ." ಮಂಚ ತಿರುಗಿತು. ಕಾಲು ಮುಂದಾಗಿ ಮೇದಪ್ಪ ಅದೇ ಸಂಕ ದಾಟಿ ಮನೆಗೆ ಬಂದರು.

"ಮನೆಯಲ್ಲಿ ಶೀಲಾವತಿ, ಮೇದಪ್ಪಣ್ಣನ ಹೆಂಡ್ತಿ, ಕಂಕುಳಿಗೆ ಕೈ ಹಾಕಿ ಬಿಸಿ ಉಂಟು ಅಂದಳು. ಬೇರೆಂತದೂ ಹೇಳ್ಲಿಲ್ಲ. ಕನ್ನಡಿ ಹಿಡಿದ್ರು, ಮಂಜು ಕಟ್ಟಲಿಲ್ಲ. ಸಂಜೆವರೆಗೆ ಕಾದ್ರು. ಸಂಜೆಗೆ ಎಲ್ಲ ತಣ್ಣಗಾಗಿತ್ತು, ಅದರಲ್ಲಿ ಸಂಶಯ ಇಲ್ಲ. ಆದ್ರೆ ಬೆಳಿಗ್ಗೆ? ಆ ದಡದಲ್ಲಿ? ನನಗೆ ಗೊತ್ತಿಲ್ಲ. ಐದು ವರ್ಷ ಆಯ್ತು, ಗೊತ್ತಿಲ್ಲ."

ಆ ದಿನದಿಂದ ದುಗ್ಗಮ್ಮ ಕಂಡದ್ದನ್ನು ಮಾತ್ರ ಹೇಳುತ್ತಾರೆ. ಜೀವ ಹೋಯಿತೋ ಉಂಟೋ ಹೇಳಬೇಕಾದವರು ಡಾಕ್ಟರು. ಅವರು ಹೇಳುವವರೆಗೆ ಮಂಚ ತಿರುಗಕೂಡದು ಎಂದು ಮೈದುನಂದಿರು, ಭಾವ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಾರೆ. ಇದಕ್ಕೆ ಬೆಲೆ ತೆರದೆ ಇಲ್ಲ. ಎರಡು ಸಲ ಅವರು ಪುತ್ತೂರಿಗೆ ತಂದದ್ದು ಹೆಣವನ್ನೇ. ಪೊಲೀಸರು ಬಂದರು, ಕೊಯ್ದರು, ಮರುದಿನ ಕೊಟ್ಟರು. ಅದರಲ್ಲಿ ಒಂದು ಮನೆಯವರು ಈಗಲೂ ದುಗ್ಗಮ್ಮನನ್ನು ಕಂಡರೆ ಮುಖ ತಿರುಗಿಸುತ್ತಾರೆ. "ಅವರದ್ದು ತಪ್ಪಲ್ಲ. ಅವರ ಅಪ್ಪನನ್ನು ನಾನು ಕೊಯ್ಸಿದ ಹಾಗೆ ಆಯ್ತು. ಆದ್ರೆ ತಿರುಗಿಸಿದ್ರೆ ಒಂದು ಲೆಕ್ಕ, ತಿರುಗಿಸದಿದ್ರೆ ಇನ್ನೊಂದು. ಯಾವುದು ಸರಿ ಅಂತ ನೀವು ಓದಿದವರು ಹೇಳಿ ನೋಡುವ."

ಅರುವತ್ತೆರಡು, ಅರುವತ್ತಮೂರರ ನಡುವಿನ ಆ ಒಬ್ಬರು ಯಾರೆಂದು ಈಗ ಕೇಳಬೇಕಾಗಿಲ್ಲ.

ಒಳಗೆ ಡಾಕ್ಟರು, ಕಂಪೌಂಡರು ಸೇರಿ ಗಂಟೆಗಟ್ಟಲೆ ಪ್ರೇಮಾವತಿಯ ಎದೆ ಒತ್ತಿ ಉಸಿರಾಡಿಸುತ್ತಾರೆ. ಹಾವಿನ ವಿಷದ ಮದ್ದು ಒಂದರ ಮೇಲೊಂದು ಚುಚ್ಚುತ್ತಾರೆ. ಮಧ್ಯಾಹ್ನ ಎರಡರ ಸುಮಾರಿಗೆ ಡಾಕ್ಟರು ಹೊರಗೆ ಬಂದು ಬೆವರು ಒರೆಸಿಕೊಂಡು, "ಉಸಿರು ಎಳೆಯುತ್ತಿದ್ದಾಳೆ. ಬರುವಾಗಲೂ ಎಳೆಯುತ್ತಿದ್ದಳು, ತುಂಬ ಕಡಿಮೆ. ಮಗ್ಗುಲಿಗೆ ಹಿಡಿದು ತಂದವರು ಯಾರು? ಇಲ್ಲದಿದ್ದರೆ ಜೊಲ್ಲಿನಲ್ಲೇ ಮುಗಿಯುತ್ತಿತ್ತು" ಎನ್ನುತ್ತಾರೆ. ಅಚ್ಚುತ ದುಗ್ಗಮ್ಮನ ಕಾಲಿಗೆ ಬೀಳುತ್ತಾನೆ. ಅವರು ಕಾಲು ಹಿಂದೆಗೆದುಕೊಂಡು, "ಏಳು, ಚಾ ಕುಡಿ, ಬೆಳಗ್ಗಿನಿಂದ ಎಂತದೂ ತಿನ್ಲಿಲ್ಲ" ಎಂದು ಗದರುತ್ತಾರೆ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡುವುದಿಲ್ಲ. ಲೇಖನ ಮುಗಿಯಿತು, ಒಳ್ಳೆಯ ಮುಕ್ತಾಯ ಸಿಕ್ಕಿತು ಎಂದೂ ಅದೇ ಗಳಿಗೆಯಲ್ಲಿ ಅಂದುಕೊಂಡೆ. ಪತ್ರಿಕೆಯವನ ಬುದ್ಧಿ.

ಮೂರನೆಯ ದಿನ ಆಸ್ಪತ್ರೆಗೆ ಹೋದಾಗ ದುಗ್ಗಮ್ಮ ಗಂಜಿಯ ತೂಕುಪಾತ್ರೆ ಹಿಡಿದು ಪ್ರೇಮಾವತಿಯ ಹಾಸಿಗೆಯ ಬಳಿ ಕೂತಿದ್ದಾರೆ. ಪ್ರೇಮಾವತಿ ದಿಂಬಿಗೊರಗಿ ಕೂತಿದ್ದಾಳೆ. ದನಿ ಇನ್ನೂ ಸಣ್ಣದು.

"ನನಗೆ ಎಲ್ಲ ಕೇಳ್ತಿತ್ತು" ಎನ್ನುತ್ತಾಳೆ ಅವಳು.

"ಎಂತ ಕೇಳ್ತಿತ್ತು?" ಎಂದು ನಾನು ಕೇಳುತ್ತೇನೆ.

"ಎಲ್ಲ. ಇವರು ತಿರುಗಿಸಿ ಅಂತ ಅತ್ತದ್ದು ಕೇಳಿತು. ಬೇಡ, ಬೇಡ ಅಂತ ಹೇಳ್ಬೇಕು ಅಂತ ಕಾಣ್ತಿತ್ತು. ನಾಲಗೆ ಏಳ್ಲಿಲ್ಲ. ರೆಪ್ಪೆ ಏಳ್ಲಿಲ್ಲ. ದುಗ್ಗಕ್ಕ ನಡೆಯುವ ಅಂದದ್ದು ಕೇಳಿತು. ಆಮೇಲೆ ಸಮಾಧಾನ ಆಯ್ತು."

ಅಚ್ಚುತ ತಲೆ ತಗ್ಗಿಸಿದ್ದಾನೆ. ನಾನು ಖುಷಿಯಿಂದ ಬರೆದುಕೊಳ್ಳುತ್ತಿದ್ದೇನೆ, ಇಂಥ ಮಾತು ಯಾರಿಗೆ ಸಿಗುತ್ತದೆ! ತಲೆಯೆತ್ತಿ ನೋಡಿದರೆ ದುಗ್ಗಮ್ಮ ಅಲ್ಲಿಲ್ಲ. ಗಂಜಿಯ ಪಾತ್ರೆ ನೆಲದ ಮೇಲಿದೆ.

ಅವರು ಬಾವಿಕಟ್ಟೆಯ ಬಳಿ ನಿಂತಿದ್ದಾರೆ. ನಾನು ಹತ್ತಿರ ಹೋದರೂ ತಿರುಗುವುದಿಲ್ಲ.

"ಹಾಗಾದ್ರೆ ಮೇದಪ್ಪಣ್ಣನಿಗೂ ಕೇಳಿರ್ತದೆ" ಎನ್ನುತ್ತಾರೆ. "ನಾನು 'ಮುಗೀತು' ಅಂದದ್ದು."

ಡಾಕ್ಟರನ್ನು ಕರೆತರುತ್ತೇನೆ. ಅವರು ಒಳ್ಳೆಯ ಮನುಷ್ಯ, ಸಮಾಧಾನವಾಗಿ ಹೇಳುತ್ತಾರೆ: "ಒಬ್ಬರಿಗೆ ಆದ ಹಾಗೆ ಇನ್ನೊಬ್ಬರಿಗೆ ಅಂತ ಹೇಳಲಿಕ್ಕಾಗುದಿಲ್ಲ ಅಮ್ಮ. ಅವರು ಆಗಲೇ ಹೋಗಿರಬಹುದು. ಇರಲೂಬಹುದು. ನಾನು ನೋಡಿಲ್ಲವಲ್ಲ."

"ನೋಡಿದ್ದು ನಾನು" ಎನ್ನುತ್ತಾರೆ ದುಗ್ಗಮ್ಮ.

ಒಬ್ಬಳು ಬದುಕಿದ್ದಕ್ಕೆ ಸಂತೋಷಪಡಬೇಕೋ, ಅದೇ ಬದುಕು ಐದು ವರ್ಷದ ಹಿಂದಿನ ಸಾವನ್ನು ತಂದು ಎದುರು ಕೂರಿಸಿದ್ದಕ್ಕೆ ಅಳಬೇಕೋ, ಅವರಿಗೆ ತಿಳಿಯುತ್ತಿಲ್ಲ. ನನಗೂ ತಿಳಿಯುತ್ತಿಲ್ಲ. ಇಂಥ ಲೇಖನಗಳ ಕೊನೆಯಲ್ಲಿ ಕೇಳುವ ಮಾಮೂಲಿ ಪ್ರಶ್ನೆಯೊಂದಿದೆ, ನಿಮಗೇನು ಆಸೆ ಎಂದು. ಬಾಯಿ ತಪ್ಪಿ ಕೇಳಿಬಿಡುತ್ತೇನೆ.

"ಇದನ್ನು ಒಂದು ವಾರ ಬಿಟ್ಟು ಪೇಪರಿಗೆ ಹಾಕಿ ಮಾರಾಯ್ರೆ. ಶೀಲಾವತಿಗೆ ಪೇಪರ್ ಓದ್ಲಿಕ್ಕೆ ಬರ್ತದೆ. ಅವಳಿಗೆ ಇದು ನನ್ನ ಬಾಯಿಂದಲೇ ಗೊತ್ತಾಗ್ಲಿ."

ಸಂಪಾದಕರು ಬೈದರು. ಕಳೆದ ಭಾನುವಾರದ ಪುರವಣಿಯಲ್ಲಿ ಈ ಜಾಗದಲ್ಲಿ ಜೇನು ಸಾಕಣೆಯ ಲೇಖನ ಬಂದದ್ದು ಅದಕ್ಕೇ.

ಮೊನ್ನೆ ಬುಧವಾರ ಕಾಣಿಯೂರಿನಲ್ಲಿ ದುಗ್ಗಮ್ಮ ಸಿಗುತ್ತಾರೆ. ಅಡಿಕೆ ಮರದಿಂದ ಬಿದ್ದು ತೊಡೆ ಮುರಿದವನೊಬ್ಬನನ್ನು ಆದಂ ಕುಂಞಿಯವರ ಜೀಪಿಗೆ ಹತ್ತಿಸಿ, ದೇರಣ್ಣನನ್ನು ಜತೆಗೆ ಕಳಿಸಿ, ಸೀರೆಯ ಅಂಚು ಹಿಂಡುತ್ತಿದ್ದಾರೆ. ನಾನು ಕೇಳಲು ಹಿಂಜರಿಯುತ್ತಿರುವುದನ್ನು ನೋಡಿ ತಾವೇ ಶುರು ಮಾಡುತ್ತಾರೆ.

"ಹೇಳಿದೆ. ಎಲ್ಲ ಹೇಳಿದೆ. ಪ್ರೇಮಾವತಿಗೆ ಕೇಳ್ತಿತ್ತಂತೆ, ಅವರಿಗೂ ಕೇಳಿರ್ಬಹುದು, ಅವರ ಜೀವ ಇದ್ದಿರ್ಬಹುದು, ನಾನು ತಿರುಗಿಸಿದ್ದು ಅಂತ. ಬೈತಾಳೆ ಅಂತ ಮಾಡಿದ್ದೆ. ಹೊಡೆದ್ರೂ ತಿನ್ನುವ ಅಂತಲೇ ಹೋದದ್ದು."

"ಬೈದರಾ?"

"ಇಲ್ಲ. ತುಂಬ ಹೊತ್ತು ಅತ್ತಳು. ಮತ್ತೆ ಒಂದು ಕೇಳಿದಳು. ಅವತ್ತು ಮನೆಗೆ ತಂದ ಮೇಲೆ, ಯಾರೂ ಇಲ್ಲದಾಗ ಅವಳು ಮೇದಪ್ಪಣ್ಣನ ಕಿವಿ ಹತ್ರ ಹೋಗಿ ಹೆಸರು ಹಿಡಿದು ಕರೆದಿದ್ದಳಂತೆ. ಮದುವೆ ಆಗಿ ಹನ್ನೊಂದು ವರ್ಷ ಗಂಡನ ಹೆಸರು ಬಾಯಿಗೆ ತಂದವಳಲ್ಲ. 'ಹಾಗಾದ್ರೆ ನಾನು ಕರೆದದ್ದು ಅವರಿಗೆ ಕೇಳಿರ್ಬಹುದಾ ದುಗ್ಗಕ್ಕ?' ಅಂತ ಕೇಳಿದಳು."

"ನೀವು ಎಂತ ಹೇಳಿದ್ರಿ?"

ಜೀಪು ಹೋದ ದಾರಿಯ ಧೂಳು ಇನ್ನೂ ಇಳಿದಿಲ್ಲ. ದುಗ್ಗಮ್ಮ ಆ ಕಡೆ ನೋಡುತ್ತ ಹೇಳುತ್ತಾರೆ: "ಕೇಳಿತ್ತು ಅಂದೆ. ಕಾಣದ್ದನ್ನು ನಾನು ಹೇಳಿದ್ದು ಎರಡೇ ಸಲ. ಇದಾದ್ರೂ ಸರಿಯಾಗಿರ್ಲಿ."